ಬೆಳಗಿನ ನಲವತ್ತಮೂರು ಯಲ್ಲಾ

ಸಣ್ಣ ಮಕ್ಕಳಿರುವ ಮನೆಯಲ್ಲಿ ಬೆಳಿಗ್ಗೆ ಏನೇನು ಕಳೆದುಹೋಗುತ್ತದೆ, ಹೇಳಿ ನೋಡೋಣ. ಒಂದು ಕಾಲಿನ ಸಾಕ್ಸ್. ನೀರಿನ ಬಾಟಲಿಯ ಮುಚ್ಚಳ. ಸಹಿ ಹಾಕಿಸಿಕೊಂಡು ಬಾ ಎಂದು ಟೀಚರ್ ಕಳಿಸಿದ ಡೈರಿ. ಇವೆಲ್ಲ ಸಿಕ್ಕುವಷ್ಟರಲ್ಲಿ ತಾಯಿಯ ತಾಳ್ಮೆ ಕಳೆದುಹೋಗಿರುತ್ತದೆ. ಅದನ್ನು ಮಾತ್ರ ಯಾರೂ ಹುಡುಕಿಕೊಡುವುದಿಲ್ಲ.

ನಾನು ಟ್ರೀಸಾ. ದೋಹಾದ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ, ಕುಚ್ಚಲಕ್ಕಿ ಮತ್ತು ಒಣಮೀನು ಸಿಗುವ ಅಂಗಡಿಯ ಹಿಂದಿನ ಕಟ್ಟಡದಲ್ಲಿ, ಮೊದಲ ಮಹಡಿಯಲ್ಲಿ ನಮ್ಮ ಮನೆ. ನನ್ನ ಮಕ್ಕಳು ದೊಡ್ಡವರಾಗಿ ಕಾಲೇಜಿಗೆ ಹೋದರು. ಹಾಗಾಗಿ ಬೇರೆಯವರ ಮನೆಯ ಗಡಿಬಿಡಿ ಕೇಳಿ ನಗುವಷ್ಟು ಪುರುಸೊತ್ತು ನನಗಿದೆ. ನಕ್ಕದ್ದು ತಪ್ಪೆಂದು ತಿಳಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮೇಲಿನ ಮನೆ ಶಾಹಿನಾಳದು. ವಿಟ್ಲ ಕಡೆಯ ಹುಡುಗಿ, ಮುಶೈರಿಬ್‌ನ ಒಂದು ಆಫೀಸಿನಲ್ಲಿ ರಿಸೆಪ್ಷನ್ ಕೆಲಸ. ಗಂಡ ಮುಝಮ್ಮಿಲ್ ಹಮದ್ ಬಂದರಿನಲ್ಲಿ ಕೆಲಸಕ್ಕಿದ್ದಾನೆ. ಬೆಳಿಗ್ಗೆ ಐದಕ್ಕೆ ಮೊದಲೇ ಅವನ ಕಂಪನಿ ಬಸ್ಸು ಬರುತ್ತದೆ. ಮಗ ಶಾಫಿಗೆ ಆರು ವರ್ಷ, ಒಂದನೇ ಕ್ಲಾಸು. ಮಗಳು ನಹ್ಲಾಗೆ ಎರಡು ವರ್ಷ. ಶಾಫಿಯ ಶಾಲೆಯ ಬಸ್ಸು ಐದೂಮುಕ್ಕಾಲಿಗೆ ಗೇಟಿನ ಮುಂದೆ ನಿಂತು ಹಾರ್ನ್ ಹೊಡೆಯುತ್ತದೆ. ಅವನನ್ನು ಬಸ್ಸು ಹತ್ತಿಸಿ, ನಹ್ಲಾಳನ್ನು ನರ್ಸರಿಗೆ ಬಿಟ್ಟು, ಶಾಹಿನಾ ಏಳೂವರೆಗೆ ಆಫೀಸಿನ ಮೇಜಿನ ಮುಂದೆ ನಗುಮುಖ ಇಟ್ಟುಕೊಂಡು ಕೂರಬೇಕು.

ಐದರಿಂದ ಐದೂಮುಕ್ಕಾಲಿನ ತನಕ ನನ್ನ ಅಡುಗೆಮನೆಯ ಕಿಟಕಿಗೆ ಮೇಲಿನಿಂದ ಒಂದೇ ಪದ ಕೇಳುತ್ತಿತ್ತು. ಯಲ್ಲಾ. ಬೇಗ, ನಡಿ, ಏಳು, ನುಂಗು, ಹೊರಡು, ಇಷ್ಟಕ್ಕೂ ಅರಬ್ಬಿಯಲ್ಲಿ ಅದೊಂದು ಪದ ಸಾಕು. ಗಲ್ಫಿಗೆ ಬಂದವರ ಬಾಯಿಗೆ ಮೊದಲು ಹತ್ತುವುದೂ ಅದೇ. ಶಾಫಿ, ಬ್ರಷ್, ಯಲ್ಲಾ. ನಹ್ಲಾ, ಬಾಯಿ ತೆರಿ, ಯಲ್ಲಾ ಯಲ್ಲಾ. ನಾನು ಚಹಾ ಕುಡಿಯುತ್ತಾ ನನ್ನ ಗಂಡನಿಗೆ ಹೇಳುತ್ತಿದ್ದೆ, ನಮಗೆ ಅಲಾರಾಂ ಬೇಡ, ಮೇಲಿನಿಂದಲೇ ಬರುತ್ತದೆ ಎಂದು.

ಮೇ ತಿಂಗಳ ನಡುವಿಗೆ ಮುಝಮ್ಮಿಲ್‌ನ ತಾಯಿ ಸಾರಮ್ಮ ವಿಸಿಟ್ ವೀಸಾದಲ್ಲಿ ಬಂದರು. ಬೀಡಿ ಕಟ್ಟಿ ನಾಲ್ಕು ಮಕ್ಕಳನ್ನು ಸಾಕಿದ ಗಟ್ಟಿ ಹೆಂಗಸು. ಅವರಿದ್ದಷ್ಟು ದಿನ ನಹ್ಲಾಗೆ ನರ್ಸರಿ ಇಲ್ಲ, ಅಜ್ಜಿಯ ಜೊತೆ ಮನೆಯಲ್ಲೇ. ಸೊಸೆಗೆ ಸ್ವಲ್ಪ ಉಸಿರಾಡಲಿಕ್ಕೆ ಆದೀತು ಎಂದು ನಾವೆಲ್ಲ ಅಂದುಕೊಂಡೆವು. ಯಲ್ಲಾ ಮಾತ್ರ ಒಂದೂ ಕಮ್ಮಿಯಾಗಲಿಲ್ಲ.

ಶಾಹಿನಾಳ ಎದುರು ಬಾಗಿಲಿನಲ್ಲಿ ಇರುವವರು ಪರ್ಪೆಚುವಾ ಬಾಯಿ. ಬಾಯಿ ಎಂದರೆ ನಮ್ಮ ಕ್ರೈಸ್ತರಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಪದ. ಶಿರ್ವದವರು, ದೋಹಾಕ್ಕೆ ಬಂದು ಮೂವತ್ತೊಂದು ವರ್ಷ. ಅವರೂ ನಾನೂ ಒಂದೇ ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದೇವೆ. ಇವರ ಬಗ್ಗೆ ನಾನು ಹೊಟ್ಟೆಕಿಚ್ಚು ಪಟ್ಟುಕೊಂಡೇ ಹೊಗಳುತ್ತೇನೆ. ಮೂರು ಮಕ್ಕಳನ್ನು ಬೆಳೆಸಿದರು, ಒಂದು ದಿನವೂ ಆಫೀಸಿಗೆ ತಡವಾಗಿ ಬಂದವರಲ್ಲ, ಒಂದು ದಿನವೂ ಗಂಟಲು ಏರಿಸಿದವರಲ್ಲ. ಅವರ ಮನೆಯಲ್ಲಿ ಕತ್ತರಿ ಕೇಳಿದರೆ ಟಿವಿಯಿಂದ ಕಣ್ಣು ತೆಗೆಯದೆ ಕೈ ಚಾಚಿ ಕೊಡುತ್ತಾರೆ. ನನ್ನ ಮನೆಯಲ್ಲಿ ಮೂರು ಕತ್ತರಿಗಳಿವೆ, ಬೇಕಾದಾಗ ಒಂದೂ ಸಿಗುವುದಿಲ್ಲ.

ಒಂದು ಸಂಜೆ ಅವರ ಮನೆಯಲ್ಲಿ ನಾವೆಲ್ಲ ಚಹಾಕ್ಕೆ ಸೇರಿದ್ದೆವು. ಬಾಯಿ ನಹ್ಲಾಳ ಕೈಗೆ ಒಂದು ರಸ್ಕ್ ಕೊಟ್ಟು ಮಾತಾಡಿಸತೊಡಗಿದರು. ನಿನ್ನ ಹೆಸರೆಂತ ಎಂದರೆ ನಹ್ಲಾ ಎಂದಳು. ಅಣ್ಣನ ಹೆಸರೆಂತ ಎಂದರೆ ಶಾಫಿ ಎಂದಳು.

"ಉಮ್ಮನ ಹೆಸರೆಂತ?" ಎಂದು ಕೇಳಿದರು ಬಾಯಿ. ಆ ಮನೆಯಲ್ಲಿ ತಾಯಿಗೆ ಉಮ್ಮ ಎನ್ನುತ್ತಾರೆ.

ಮಗು ರಸ್ಕ್ ಬಾಯಿಂದ ತೆಗೆದು, "ಯಲ್ಲಾ" ಎಂದಿತು.

ನಾವು ಬಿದ್ದು ಬಿದ್ದು ನಕ್ಕೆವು. ಶಾಹಿನಾ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ನಗು ಅಲ್ಲ ಎಂದು ನಮಗೆ ಗೊತ್ತಾಯಿತು. ಶಾಲಿನ ತುದಿಯನ್ನು ಮುಖಕ್ಕೆ ಒತ್ತಿಕೊಂಡು ಅವಳು ಅಡುಗೆಮನೆಗೆ ಎದ್ದುಹೋದಳು.

ಸಾರಮ್ಮ ನಗಲಿಲ್ಲ, ಅಳಲೂ ಇಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ಅವತ್ತು ಹೇಳಿಯೇ ಬಿಟ್ಟರು. "ನೋಡಿ ಬಾಯಮ್ಮ, ಮಗುವಿಗೆ ತಾಯಿಯ ಹೆಸರೇ ಗೊತ್ತಿಲ್ಲ. ಇಬ್ಬರೂ ಕೆಲಸಕ್ಕೆ ಹೋದ್ರೆ ಇಷ್ಟೇ. ನಾನು ಹೋಗುವಾಗ ನಹ್ಲಾನ ಕರ್ಕೊಂಡು ಹೋಗ್ತೇನೆ. ಶಾಲೆಗೆ ಸೇರುವ ಪ್ರಾಯ ಆದ್ಮೇಲೆ ಬರ್ಲಿ."

ಮುಝಮ್ಮಿಲ್ ಎರಡು ದಿನ ಯೋಚಿಸಿ ಒಪ್ಪಿದ. ಶಾಹಿನಾ ಒಪ್ಪಿದಳೋ ಇಲ್ಲವೋ, ಬೇಡ ಎನ್ನಲಿಲ್ಲ. ಜೂನ್ ಹದಿನೆಂಟಕ್ಕೆ ಮಂಗಳೂರಿಗೆ ಎರಡು ಟಿಕೆಟ್ ಆಯಿತು, ಒಂದು ಸಾರಮ್ಮನಿಗೆ, ಇನ್ನೊಂದು ನಹ್ಲಾಗೆ.

ಜೂನ್ ಮೂರಕ್ಕೆ ಆ ಘಟನೆ ನಡೆಯಿತು.

ಇಲ್ಲಿಯ ಬೇಸಿಗೆ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು. ನಮ್ಮ ನೀರಿನ ಟ್ಯಾಂಕ್ ಇರುವುದು ಟೆರೇಸಿನ ಮೇಲೆ, ಸುಡುವ ಬಿಸಿಲಿನಲ್ಲಿ. ಮಧ್ಯಾಹ್ನ ತಣ್ಣೀರಿನ ನಳ್ಳಿ ತಿರುಗಿಸಿದರೆ ಬರುವುದು ಕುದಿಯಲು ಇನ್ನೇನು ಸ್ವಲ್ಪ ಬಾಕಿ ಎನ್ನುವಂಥ ನೀರು. ಅದಕ್ಕೆ ಇಲ್ಲಿ ಹಳಬರು ಒಂದು ಉಪಾಯ ಮಾಡುತ್ತಾರೆ. ಮೇ ತಿಂಗಳಲ್ಲೇ ಗೀಸರ್ ಆಫ್ ಮಾಡಿಬಿಡುತ್ತಾರೆ. ಎಸಿಯ ತಂಪಿನಲ್ಲಿ ಗೀಸರಿನೊಳಗೆ ನಿಂತ ನೀರು ತಣ್ಣಗಾಗುತ್ತದೆ, ಬಿಸಿನೀರಿನ ಕೆಂಪು ಗುರುತಿನ ನಳ್ಳಿಯಲ್ಲಿ ತಣ್ಣೀರು ಬರುತ್ತದೆ. ತಣ್ಣೀರಿನ ನೀಲಿ ಗುರುತಿನ ನಳ್ಳಿ ಬಿಸಿನೀರಿನದಾಗುತ್ತದೆ. ನಮಗೆ ಇದು ಎಷ್ಟು ಅಭ್ಯಾಸವೆಂದರೆ ಹೇಳಬೇಕಾದ ಸಂಗತಿ ಎಂದೇ ಅನ್ನಿಸುವುದಿಲ್ಲ. ಸಾರಮ್ಮನಿಗೆ ಯಾರೂ ಹೇಳಿರಲಿಲ್ಲ. ಮೇ ತಿಂಗಳ ನೀರು ಅಷ್ಟು ಸುಡುತ್ತಿರಲಿಲ್ಲ, ಅವರು ಸ್ನಾನ ಮಾಡುತ್ತಿದ್ದದ್ದೂ ಬೆಳಗ್ಗಿನ ಬೆಚ್ಚನೆಯ ನೀರಿನಲ್ಲಿ. ಹಾಗಾಗಿ ಅವರಿಗೆ ಗೊತ್ತಾಗುವ ಸಂದರ್ಭವೂ ಬಂದಿರಲಿಲ್ಲ.

ಆ ಮಧ್ಯಾಹ್ನ ನಹ್ಲಾ ಮಾವಿನಹಣ್ಣು ತಿಂದು ಮೈಯೆಲ್ಲ ಮೆತ್ತಿಕೊಂಡಿದ್ದಳು. ಸಾರಮ್ಮ ಅವಳನ್ನು ಬಾತ್‌ರೂಮಿನಲ್ಲಿ ನಿಲ್ಲಿಸಿ, ಊರಿನಲ್ಲಿ ಮಾಡುವಂತೆಯೇ ಮೊದಲು ಕಾಲು ತೊಳೆಯೋಣ ಎಂದು ನೀಲಿ ನಳ್ಳಿಯನ್ನು ಪೂರ್ತಿ ತಿರುಗಿಸಿದರು.

ಶಾಲೆಯಿಂದ ಬಂದು ಬಾಯಿಯೂ ನಾನೂ ಮೆಟ್ಟಿಲು ಹತ್ತುತ್ತಿದ್ದೆವು. ಮಗುವಿನ ಕಿರುಚಾಟ ಕೇಳಿತು. ಬಾಗಿಲು ತೆರೆದು ಓಡಿಬಂದ ಸಾರಮ್ಮನ ಕೈಯಲ್ಲಿ ನಹ್ಲಾ, ಬಲಗಾಲು ಬೆರಳಿನಿಂದ ಹಿಮ್ಮಡಿಯ ತನಕ ಕೆಂಪು ಕೆಂಪು. ಅವರ ಇನ್ನೊಂದು ಕೈಯಲ್ಲಿ ಟೂತ್‌ಪೇಸ್ಟ್ ಟ್ಯೂಬ್ ಇತ್ತು. ಹಚ್ಚಲು ಮುಚ್ಚಳ ತೆಗೆದಾಗಿತ್ತು.

ಬಾಯಿ ಆ ಟ್ಯೂಬನ್ನು ತೆಗೆದು ನನ್ನ ಕೈಗೆ ಕೊಟ್ಟರು. ಮಗುವನ್ನು ಎತ್ತಿಕೊಂಡು ನೇರ ತಮ್ಮ ಬಾತ್‌ರೂಮಿಗೆ ಹೋದರು. ಮೊದಲು ಕಾಲಿನ ಬೆಳ್ಳಿಯ ಗೆಜ್ಜೆ ಬಿಚ್ಚಿದರು. ಆಮೇಲೆ ಕೆಂಪು ಗುರುತಿನ ನಳ್ಳಿಗೆ ಕೈ ಹಾಕಿದರು.

ಸಾರಮ್ಮ ಅವರ ಕೈ ಹಿಡಿದುಕೊಂಡರು. "ಅದು ಬಿಸಿನೀರಿದ್ದು. ನಿಮ್ಗೆ ತಲೆ ಸರಿ ಉಂಟಾ?"

"ಸಾರಮ್ಮ, ಕೈ ಬಿಡಿ," ಎಂದರು ಬಾಯಿ. "ಮೊದ್ಲು ನನ್ನ ಕೈ ಮೇಲೆ ಬಿಡ್ತೇನೆ. ನೀವೂ ಮುಟ್ಟಿ ನೋಡಿ."

ಸಾರಮ್ಮ ಮುಟ್ಟಿ ನೋಡಿದರು. ತಣ್ಣಗಿತ್ತು. ಅವರು ಅಲ್ಲೇ ಬಾತ್‌ರೂಮಿನ ಹೊಸ್ತಿಲ ಮೇಲೆ ಕುಸಿದು ಕೂತರು.

ಬಾಯಿ ಇಪ್ಪತ್ತು ನಿಮಿಷ ಆ ಕಾಲಿನ ಮೇಲೆ ನೀರು ಬಿಟ್ಟರು. ಗಡಿಯಾರ ನೋಡಿಯೇ ಇಪ್ಪತ್ತು ನಿಮಿಷ. ಐಸ್ ತರಲೇ ಎಂದು ಕೇಳಿದೆ, ಬೇಡ ಎಂದರು. ಐಸ್ ಬೇಡ, ಎಣ್ಣೆ ಬೇಡ, ಪೇಸ್ಟ್ ಬೇಡ, ಹರಿಯುವ ತಣ್ಣೀರು ಮಾತ್ರ. ಅರ್ಧದಲ್ಲಿ ಗೀಸರಿನ ನೀರು ಬೆಚ್ಚಗಾಗತೊಡಗಿದಾಗ ನಾನು ಕೆಳಗೆ ಓಡಿ ನಮ್ಮ ಕೆಂಪು ನಳ್ಳಿಯಿಂದ ಎರಡು ಬಕೆಟ್ ಹೊತ್ತು ತಂದೆ, ಅವರು ಚೆಂಬಿನಲ್ಲಿ ನಿಧಾನ ಹೊಯ್ಯುತ್ತಾ ಹೋದರು. ಮೈ ತಣ್ಣಗಾಗದಂತೆ ಮಗುವಿನ ಹೆಗಲಿಗೆ ಒಂದು ಟವೆಲ್ ಸುತ್ತಿದ್ದರು. ಕೊನೆಗೆ ಒಗೆದ ಬಿಳಿ ಬಟ್ಟೆಯನ್ನು ಕಾಲಿಗೆ ಸಡಿಲವಾಗಿ ಸುತ್ತಿ, "ಟ್ರೀಸಾ, ಕಾರಿನ ಕೀ" ಎಂದರು. ಸಣ್ಣ ಮಗು, ಪಾದದ ಸುಟ್ಟಗಾಯ, ಡಾಕ್ಟರು ನೋಡಲೇಬೇಕು ಎಂದರು. ಹೆಲ್ತ್ ಸೆಂಟರಿನಲ್ಲಿ ಡಾಕ್ಟರು ನೋಡಿ, ಮೇಲಿನ ಚರ್ಮ ಮಾತ್ರ ಕೆಂಪಾಗಿದೆ, ತಕ್ಷಣ ನೀರು ಬಿಟ್ಟದ್ದರಿಂದ ಬಚಾವಾಯಿತು ಎಂದರು.

ಆ ಸಂಜೆ ಶಾಹಿನಾಳ ಮನೆಯಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ತಾಯಿಗೆ ಶಾಹಿನಾ ಹೇಳಿದ್ದಾಳೆಂದು ಮುಝಮ್ಮಿಲ್, ಅವನು ಹೇಳಿದ್ದಾನೆಂದು ಅವಳು ಅಂದುಕೊಂಡಿದ್ದರು. ಶಾಹಿನಾ ಎರಡು ಬೆಳಿಗ್ಗೆ ನಳ್ಳಿಯ ವಿಷಯ ಹೇಳಲು ಬಾಯಿ ತೆರೆದದ್ದೂ ಹೌದು. ಎರಡು ಸಲವೂ ಬಸ್ಸಿನ ಹಾರ್ನ್ ಕೇಳಿತು, ಯಲ್ಲಾ ಎಂದು ಓಡಿದಳು.

ಸಾರಮ್ಮನಿಗೆ ತಮ್ಮ ಕೈಯಾರೆ ಆಯಿತಲ್ಲ ಎಂಬ ಸಂಕಟ. ಸಂಕಟ ಅವರಲ್ಲಿ ಹಟವಾಯಿತು. "ಬಾಯಮ್ಮ, ನೀರೇ ತಲೆಕೆಳಗಾದ ಊರಿನಲ್ಲಿ ಮಕ್ಕಳನ್ನು ಸಾಕ್ಲಿಕ್ಕೆ ಆಗ್ತದಾ? ಹದಿನೆಂಟರ ತನಕ ಎಂತಕ್ಕೆ ಕಾಯುದು? ನಾಳೆಯೇ ಹೋಗ್ತೇವೆ."

ಶಾಹಿನಾ ಮಗಳ ಬಟ್ಟೆಗಳನ್ನು ಮಡಚುತ್ತಾ ಕೂತಿದ್ದಳು.

ಬಾಯಿ ಸಾರಮ್ಮನ ಪಕ್ಕದಲ್ಲಿ ಕೂತು, ಇಷ್ಟು ವರ್ಷಗಳಲ್ಲಿ ನನಗೂ ಹೇಳದ ಒಂದು ಸಂಗತಿ ಹೇಳಿದರು. ಅವರ ಹಿರಿಯ ಮಗ ಡೇವಿಡ್‌ಗೆ ಆಗ ನಾಲ್ಕು ವರ್ಷ. ನೆಲ ತೊಳೆಯುವ ಬ್ಲೀಚ್ ದೊಡ್ಡ ಡಬ್ಬದಲ್ಲಿತ್ತು. ಬಳಸಲು ಸುಲಭವಾಗಲಿ ಎಂದು ಅವರೇ ಅದನ್ನು ಖಾಲಿ ನೀರಿನ ಬಾಟಲಿಗೆ ಹೊಯ್ದು ಸಿಂಕಿನ ಕೆಳಗೆ ಇಟ್ಟಿದ್ದರು. ಬಾಯಾರಿ ಬಂದ ಮಗು ಬಾಟಲಿ ನೋಡಿತು, ಕುಡಿಯಿತು. ಆಸ್ಪತ್ರೆಯಲ್ಲಿ ಆರು ದಿನ.

"ನಂಗೆ ಯಾರೂ ಬೈಲಿಲ್ಲ ಸಾರಮ್ಮ. ನನ್ನ ಗಂಡ ಕಾಸ್ಮಿರ್ ಸಹ ಬೈಲಿಲ್ಲ. ಆದ್ರೆ ಆ ಆರು ದಿನದಲ್ಲಿ ನಂಗೊಂದು ಗೊತ್ತಾಯ್ತು. ನಾನು ಕೆಟ್ಟ ತಾಯಿ ಅಲ್ಲ, ನನ್ನ ಮನೆಯಲ್ಲಿ ಸಾಮಾನು ತಪ್ಪು ಜಾಗದಲ್ಲಿ ಉಂಟು. ಅವತ್ತಿಂದ ನಾನು ಮಕ್ಕಳಿಗೆ ಹೇಳುದು ಕಮ್ಮಿ ಮಾಡಿದೆ, ಜಾಗ ಸರಿ ಮಾಡುದು ಜಾಸ್ತಿ ಮಾಡಿದೆ."

ಆಮೇಲೆ ಅವರು ಕೇಳಿದ್ದು ಇಷ್ಟೇ. ಟಿಕೆಟ್ ಇರುವುದು ಹದಿನೆಂಟಕ್ಕೆ ತಾನೇ, ಅಲ್ಲಿಯ ತನಕ ನಿಲ್ಲಿ. ಪ್ರತಿ ಬೆಳಿಗ್ಗೆ ಸೊಸೆ ಎಷ್ಟು ಸಲ ಯಲ್ಲಾ ಹೇಳಿದಳು ಎಂದು ನೀವು ಎಣಿಸಿ. ಯಾಕಾಗಿ ಹೇಳಿದಳು ಎಂದು ನೆನಪಿಟ್ಟು ಸಂಜೆ ನನಗೆ ಹೇಳಿ. ಹದಿನೆಂಟಕ್ಕೆ ನೀವು ಏನು ಹೇಳುತ್ತೀರೋ ಅದೇ ಆಗಲಿ.

ಎಣಿಸಿದರೆ ಮಕ್ಕಳು ಬೆಳೆಯುತ್ತಾರಾ ಎಂದು ಸಾರಮ್ಮ ಕೇಳಿದರು. ಕೇಳಿದರೂ ಮರುದಿನ ಮುಝಮ್ಮಿಲ್ ಕೈಯಲ್ಲಿ ಅಂಗಡಿಯಿಂದ ಒಂದು ಕೌಂಟರ್ ತರಿಸಿದರು. ಬೆರಳಿಗೆ ಉಂಗುರದಂತೆ ಹಾಕಿಕೊಂಡು, ಒತ್ತಿದರೆ ಒಂದೊಂದು ಸಂಖ್ಯೆ ಏರುವ ಆ ಸಣ್ಣ ಯಂತ್ರ. ಅವರ ಹತ್ತಿರ ಮೊದಲೇ ಒಂದಿತ್ತು. ಅದು ಸ್ವಲಾತ್ ಪ್ರಾರ್ಥನೆ ಎಣಿಸಲಿಕ್ಕೆ, ಅದರಲ್ಲಿ ಈ ಹುಚ್ಚಾಟ ಎಣಿಸಲಿಕ್ಕಾಗದು ಎಂದರು.

ಮೊದಲ ದಿನ ನಲವತ್ತಮೂರು.

ಸಂಜೆ ಮಗ್ರಿಬ್ ನಮಾಜಿನ ನಂತರ ಸಾರಮ್ಮ ಹೇಳುತ್ತಾ ಹೋದರು, ಶಾಹಿನಾ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡಳು. ಹತ್ತೊಂಬತ್ತು ಯಲ್ಲಾ ಸಾಕ್ಸು, ಶೂ, ಬ್ಯಾಗು, ಬೆಲ್ಟಿಗೆ. ಹನ್ನೊಂದು ತಿಂಡಿಗೆ. ಎಂಟು ಬಾತ್‌ರೂಮಿಗೆ. ಉಳಿದ ಐದು ಶಾಹಿನಾ ತನಗೆ ತಾನೇ ಹೇಳಿಕೊಂಡದ್ದು, ಮನೆಯ ಕೀ ಮತ್ತು ಆಫೀಸಿನ ಕಾರ್ಡಿಗಾಗಿ. ಅದನ್ನು ಓದಿದಾಗ ಅವಳಿಗೇ ಆಶ್ಚರ್ಯವಾಯಿತು. ಮಕ್ಕಳು ಹೇಳಿದ್ದು ಕೇಳುವುದಿಲ್ಲ ಎಂದು ಇಷ್ಟು ದಿನ ಅಂದುಕೊಂಡಿದ್ದಳು. ನಲವತ್ತಮೂರರಲ್ಲಿ ಮಕ್ಕಳ ಹಟಕ್ಕೆ ಹೇಳಿದ್ದು ನಾಲ್ಕೋ ಐದೋ. ಬಾಕಿಯೆಲ್ಲ ಸಾಮಾನು ಹುಡುಕಲಿಕ್ಕೆ, ಮೊದಲೇ ಮಾಡಿಡದ ಕೆಲಸಕ್ಕೆ.

ಬಾಯಿ ಹೊಸ ಕಪಾಟು ತರಿಸಲಿಲ್ಲ, ಉಪದೇಶ ಮಾಡಲಿಲ್ಲ. ಮೊದಲು ಒಂದು ಹಸಿರು ಟೇಪ್ ತಂದು ತಣ್ಣೀರು ಬರುವ ನಳ್ಳಿಗಳಿಗೆಲ್ಲ ಸುತ್ತಿದರು. ಯಾವ ಬಣ್ಣದ ಗುರುತೇ ಇರಲಿ, ಹಸಿರು ಟೇಪ್ ಇದ್ದದ್ದು ಮಕ್ಕಳ ನಳ್ಳಿ. ನವೆಂಬರಿನಲ್ಲಿ ಗೀಸರ್ ಹಾಕುವ ದಿನವೇ ಟೇಪನ್ನು ಬದಲಿಸಬೇಕು ಎಂದು ಗೀಸರಿನ ಸ್ವಿಚ್ಚಿನ ಮೇಲೆಯೇ ಚೀಟಿ ಅಂಟಿಸಿದರು. ಟೇಪ್ ಇದ್ದರೂ ಮಗುವಿಗೆ ನೀರು ಹೊಯ್ಯುವ ಮೊದಲು ಮೊಣಕೈ ಅದ್ದಿ ನೋಡಬೇಕು ಎಂದರು, ಅಂಗೈಗೆ ಬಿಸಿ ಅಷ್ಟು ಬೇಗ ಗೊತ್ತಾಗುವುದಿಲ್ಲವಂತೆ. ಸಿಂಕಿನ ಕೆಳಗಿದ್ದ ಬ್ಲೀಚು, ಜಿರಳೆ ಔಷಧಿ ಎಲ್ಲವೂ ಅವುಗಳದೇ ಡಬ್ಬದಲ್ಲಿ, ಮೇಲಿನ ಕಪಾಟಿಗೆ ಹೋದವು.

ಆಮೇಲೆ ಯಲ್ಲಾಗಳ ಸರದಿ. ಬಾಗಿಲ ಹತ್ತಿರ, ಶಾಫಿಯ ಕೈಗೆ ಎಟಕುವ ಎತ್ತರದಲ್ಲಿ ಒಂದು ಕೊಕ್ಕೆ. ಶಾಲೆಯಿಂದ ಬಂದ ಬ್ಯಾಗು ಅಲ್ಲೇ ನೇತಾಡಬೇಕು. ಕೆಳಗೆ ಒಂದು ಬುಟ್ಟಿ, ಅದರಲ್ಲಿ ಶೂ. ತೊಳೆದ ಸಾಕ್ಸ್ ಕಪಾಟಿಗೆ ಹೋಗುವುದೇ ಬೇಡ, ನೇರ ಶೂವಿನ ಒಳಗೆ. ಆ ಕೆಲಸ ನಹ್ಲಾಳದು. ಎರಡು ವರ್ಷದ ಮಗುವಿಗೆ ಒಂದೊಂದು ಶೂವಿಗೆ ಒಂದೊಂದು ಸಾಕ್ಸ್ ತುರುಕುವುದಕ್ಕಿಂತ ದೊಡ್ಡ ಆಟ ಬೇರೆ ಇಲ್ಲ. ಕೆಲವೊಮ್ಮೆ ಎರಡೂ ಒಂದೇ ಶೂವಿನಲ್ಲಿ ಸಿಗುತ್ತಿದ್ದವು, ಆದರೆ ಸಿಗುತ್ತಿದ್ದವು. ಶಾಹಿನಾಳ ಕೀ ಮತ್ತು ಕಾರ್ಡು ಅದೇ ಜಾಗದಲ್ಲಿ ಇನ್ನೊಂದು ಕೊಕ್ಕೆಗೆ, ಮಕ್ಕಳ ಕೈಗೆ ಸಿಗದಷ್ಟು ಮೇಲೆ.

ಬೆಳಿಗ್ಗೆ ಮನೆಯಲ್ಲಿ ಇಲ್ಲದ ಮುಝಮ್ಮಿಲ್‌ನನ್ನೂ ಪರ್ಪೆಚುವಾ ಬಾಯಿ ಸುಮ್ಮನೆ ಬಿಡಲಿಲ್ಲ. ಬೆಳಿಗ್ಗೆ ಇಲ್ಲದವನು ಸಂಜೆ ಇದ್ದೀಯಲ್ಲ ಎಂದರು. ಸಂಜೆ ಏಳಕ್ಕೆ ಮಗನ ಜೊತೆ ಕೂತು ಡೈರಿ ನೋಡಿ ಸಹಿ ಹಾಕುವುದು, ಯೂನಿಫಾರ್ಮ್ ತೆಗೆದಿಡುವುದು, ನೀರಿನ ಬಾಟಲಿ ತೊಳೆದು ಕವಚಿ ಇಡುವುದು ಅವನ ಪಾಲಿಗೆ ಬಂತು. ಮೊದಲ ದಿನ ಬಾಟಲಿ ತೊಳೆದು ಮುಚ್ಚಳ ಎಲ್ಲೋ ಇಟ್ಟ. ಮಾರನೆಯ ಬೆಳಿಗ್ಗೆ ಮುಚ್ಚಳಕ್ಕೇ ಆರು ಯಲ್ಲಾ ಹೋಯಿತು. ಅವನು ಬಂದರಿನಲ್ಲಿ ಕೆಲಸ ಮಾಡುವಾಗ ಅವನ ತಾಯಿ ಫೋನ್ ಮಾಡಿ ಆ ಲೆಕ್ಕವನ್ನು ಮುಟ್ಟಿಸಿದರು.

ಮೂವತ್ತೊಂದಾಯಿತು, ಇಪ್ಪತ್ತನಾಲ್ಕಾಯಿತು. ಆರನೇ ದಿನ ಒಮ್ಮೆಗೇ ಐವತ್ತೊಂದಕ್ಕೆ ಹಾರಿತು. ನಹ್ಲಾ ಅಣ್ಣನ ಯೂನಿಫಾರ್ಮಿನ ಮೇಲೆ ವಾಂತಿ ಮಾಡಿದ್ದಳು, ಇನ್ನೊಂದು ಜೊತೆ ಒಗೆಯಲು ಬಿದ್ದಿತ್ತು. ಸಾರಮ್ಮ ಸಂಜೆ ಕೌಂಟರನ್ನು ಬಾಯಿಯ ಮುಂದೆ ಹಿಡಿದು, ಈಗ ಹೇಳಿ ಎಂದರು. ಬಾಯಿಗೆ ಬೇಸರವಾಗಲಿಲ್ಲ. ಮಕ್ಕಳಿರುವ ಮನೆಯಲ್ಲಿ ಐವತ್ತೊಂದರ ದಿನಗಳು ಬಂದೇ ಬರುತ್ತವೆ, ನನ್ನ ಮನೆಯಲ್ಲೂ ಬರುತ್ತಿದ್ದವು ಎಂದರು. ಒಂದು ಜೊತೆ ಇಸ್ತ್ರಿ ಮಾಡಿದ ಯೂನಿಫಾರ್ಮ್ ಮುಟ್ಟದೆ ಬೇರೆ ಇಡಿ, ಅದು ವಾಂತಿಯ ದಿನಕ್ಕೆ ಎಂದರು. ಅಷ್ಟೇ.

ಸಾರಮ್ಮನ ಮನಸ್ಸು ತಿರುಗಿದ್ದು ಶುಕ್ರವಾರ, ಅಡುಗೆಮನೆಯಲ್ಲಿ. ತಿಂಡಿಯ ಹನ್ನೊಂದು ಯಲ್ಲಾಗಳಿಗೆ ಬಾಯಿಯ ಔಷಧಿ ಶುಕ್ರವಾರದ ಎರಡು ಗಂಟೆ. ಗಂಡ ಹೆಂಡತಿ ಇಬ್ಬರೂ ಸೇರಿ ವಾರಕ್ಕಾಗುವಷ್ಟು ತೆಂಗಿನಕಾಯಿ ತುರಿದು, ಒಂದು ದಿನಕ್ಕೆ ಒಂದರಂತೆ ಸಣ್ಣ ಡಬ್ಬಗಳಲ್ಲಿ ಫ್ರೀಜರಿಗೆ. ಮಸಾಲೆ ಅರೆದು ಹಾಗೆಯೇ. ಬೀನ್ಸ್, ಕ್ಯಾರೆಟ್ ಹೆಚ್ಚಿ ಫ್ರಿಜ್ಜಿಗೆ. ನೀರುದೋಸೆಯ ಅಕ್ಕಿ ಸಂಜೆಯೇ ಅರೆದು ಫ್ರಿಜ್ಜಿನೊಳಗೆ, ಬೆಳಿಗ್ಗೆ ನೀರು ಬೆರೆಸಿ ಹೊಯ್ಯುವುದಷ್ಟೇ ಬಾಕಿ. ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ ಸಾರಮ್ಮ ಇದ್ದಕ್ಕಿದ್ದಂತೆ, ಇದರಲ್ಲಿ ಹೊಸತೇನೂ ಇಲ್ಲವಲ್ಲ ಎಂದರು.

"ಬಾಯಮ್ಮ, ಇದು ನಮ್ಮ ಬೀಡಿ ಎಲೆಯ ಕೆಲಸ. ಸಂಜೆಯೇ ಎಲೆ ನೆನೆಸಿ, ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ರೆ ಮಾರನೆ ದಿನ ಕೈ ಓಡ್ತದೆ. ಬೆಳಿಗ್ಗೆ ಎಲೆ ಕತ್ತರಿಸ್ಲಿಕ್ಕೆ ಕೂತವಳು ಸಂಜೆ ತನಕ ಎಷ್ಟು ಕಟ್ಟಿಯಾಳು?"

"ಅದೇ," ಎಂದರು ಬಾಯಿ. "ನಿಮ್ಗೆ ನನ್ನಿಂದ ಜಾಸ್ತಿ ಗೊತ್ತುಂಟು."

ಅವತ್ತಿನಿಂದ ಸಾರಮ್ಮನನ್ನು ಹಿಡಿಯುವವರಿಲ್ಲ. ಸಂಜೆಯಾದರೆ ಸಾಕು, ಎಲೆ ಕಟ್ಟಿಟ್ಟಾಯಿತಾ ಎಂದು ಮಗನನ್ನು ಕೇಳುವರು. ಶಾಫಿಗೂ ಆ ಮಾತು ಅಭ್ಯಾಸವಾಯಿತು. ಬೀಡಿ ಎಲೆಯನ್ನು ಕಣ್ಣಿನಲ್ಲಿ ಕಾಣದ ಆ ಹುಡುಗ, ಬ್ಯಾಗು ಕೊಕ್ಕೆಗೆ ಹಾಕಿ ತನ್ನ ಇಂಗ್ಲಿಷ್ ಕನ್ನಡದಲ್ಲಿ, "ಅಜ್ಜಿ, ಲೀಫ್ ಕಟ್ಟಿದೆ" ಎಂದು ವರದಿ ಒಪ್ಪಿಸುತ್ತಿದ್ದ.

ಹದಿನೈದನೇ ತಾರೀಕಿನ ಬೆಳಿಗ್ಗೆ ನನ್ನ ಅಡುಗೆಮನೆಯ ಕಿಟಕಿಯಲ್ಲಿ ಮೇಲಿನಿಂದ ಸದ್ದೇ ಇರಲಿಲ್ಲ. ಏನಾಯಿತಪ್ಪಾ ಎಂದು ಮೇಲೆ ಹೋದೆ. ಸಾರಮ್ಮ ಬಾಗಿಲು ತೆರೆದು, ಮಾತಾಡಬೇಡ ಎಂದು ಬೆರಳು ತೋರಿಸಿದರು. ಐದೂ ಮೂವತ್ತೆಂಟು. ಶಾಫಿ ಶೂ ಹಾಕಿಕೊಂಡು, ಬ್ಯಾಗು ಬೆನ್ನಿಗೇರಿಸಿ ಸೋಫಾದ ತುದಿಯಲ್ಲಿ ಕೂತಿದ್ದ. ಶಾಹಿನಾ ಆಫೀಸಿನ ಬಟ್ಟೆಯಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ನಹ್ಲಾ ಅವಳ ತೊಡೆಯ ಮೇಲೆ ನಿಂತು ಅವಳ ಕಿವಿಯ ಓಲೆಯನ್ನು ಎಣಿಸುತ್ತಿದ್ದಳು. ಇರುವುದು ಎರಡೇ ಓಲೆ, ಎಣಿಕೆ ಮಾತ್ರ ಮುಗಿಯುತ್ತಿರಲಿಲ್ಲ. ಶಾಹಿನಾಗೆ ಎಲ್ಲೂ ಹೋಗಬೇಕಾದ ಅವಸರ ಇದ್ದಂತೆ ಕಾಣಲಿಲ್ಲ. ಬಸ್ಸು ಬರಲು ಇನ್ನೂ ಏಳು ನಿಮಿಷ ಇತ್ತು.

ಸಾರಮ್ಮ ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಬಂದರು. ಅವರ ಕಣ್ಣು ಒದ್ದೆಯಾಗಿತ್ತು.

"ಟ್ರೀಸಾ, ನಾನು ನಾಲ್ಕು ಮಕ್ಕಳನ್ನು ಸಾಕಿದವಳು. ಬೀಡಿ ಕಟ್ತಾ ಕಟ್ತಾ ಊಟ ಹಾಕಿದೆ, ಬೀಡಿ ಕಟ್ತಾ ಕಟ್ತಾ ಬೈದೆ. ಹೀಗೆ ಏಳು ನಿಮಿಷ ಸುಮ್ನೆ ಕೂತದ್ದು ನಂಗೆ ನೆನಪಿಲ್ಲ. ಎಲೆಗೆ ಬುದ್ಧಿ ಓಡಿಸಿದೆ, ಮಕ್ಕಳಿಗೆ ಓಡಿಸ್ಲಿಲ್ಲ. ಆ ಹುಡುಗಿಗೆ ಆಗ್ತದೆ. ಮಗು ಇಲ್ಲೇ ಇರ್ಲಿ."

ಆ ಬೆಳಿಗ್ಗೆ ಕೌಂಟರಿನಲ್ಲಿ ಎಷ್ಟಿತ್ತು ಎಂದು ನಾನು ಕೇಳಲಿಲ್ಲ. ಅವರು ಒತ್ತಲು ಮರೆತಿದ್ದರು ಎಂದು ನನ್ನ ಅಂದಾಜು. ಸಂಜೆ ಮಗನನ್ನು ಕರೆದು, ನಹ್ಲಾಳ ಟಿಕೆಟ್ ಕ್ಯಾನ್ಸಲ್ ಮಾಡು ಎಂದರು. ಶಾಹಿನಾ ಅತ್ತೆಯ ಕೈ ಹಿಡಿದು ಅದನ್ನು ಹಣೆಗೆ ಒತ್ತಿಕೊಂಡಳು. ನಹ್ಲಾಳ ಸಣ್ಣ ಸೂಟ್‌ಕೇಸನ್ನು ಬಿಚ್ಚಿ ಬಟ್ಟೆಗಳನ್ನು ಮತ್ತೆ ಕಪಾಟಿನಲ್ಲಿಟ್ಟದ್ದು ಸಾರಮ್ಮನೇ.

ಹದಿನೆಂಟಕ್ಕೆ ನಾವೆಲ್ಲ ಏರ್‌ಪೋರ್ಟಿಗೆ ಹೋದೆವು. ಬಾಯಿಯೂ ರಜೆ ಹಾಕಿ ಬಂದಿದ್ದರು, ಮೂವತ್ತೊಂದು ವರ್ಷದಲ್ಲಿ ಅವರು ಹಾಕಿದ ರಜೆಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಒಳಗೆ ಹೋಗುವ ಬಾಗಿಲಿನ ಮುಂದೆ ಸಾರಮ್ಮ ನಹ್ಲಾಳನ್ನು ಎತ್ತಿಕೊಂಡು ನಿಂತರು. ಮಗುವಿನ ಬಲಗಾಲನ್ನು ಸವರಿದರು. ಅಲ್ಲಿ ಈಗ ಗುರುತು ಕೂಡ ಇಲ್ಲ. ಹೊತ್ತಾಗುತ್ತಿತ್ತು. ಮುಝಮ್ಮಿಲ್ ವಾಚು ನೋಡಿದ, ಶಾಹಿನಾ ಕಣ್ಣು ಬೇರೆ ಕಡೆ ತಿರುಗಿಸಿದಳು. ಹೊರಡಿ ಎನ್ನುವ ಆ ಒಂದು ಪದವನ್ನು ಹೇಳಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಕೊನೆಗೆ ಸಾರಮ್ಮನೇ ಮಗುವನ್ನು ತಾಯಿಯ ಕೈಗೆ ಕೊಟ್ಟರು. "ಇವಳ ಹೆಸರೆಂತ ಮಗಾ?" ಎಂದು ಕೇಳಿದರು.

ನಹ್ಲಾ ಶಾಹಿನಾಳ ಓಲೆ ಹಿಡಿದುಕೊಂಡು, "ಉಮ್ಮ" ಎಂದಳು.

ಸಾರಮ್ಮ ಬೆರಳಿನಲ್ಲಿದ್ದ ಕೌಂಟರನ್ನು ಸೊನ್ನೆಗೆ ತಿರುಗಿಸಿದರು. ತಮಗೆ ತಾವೇ, ಮೆಲ್ಲಗೆ, "ಯಲ್ಲಾ ಸಾರಮ್ಮ" ಎಂದುಕೊಂಡು ಒಮ್ಮೆ ಒತ್ತಿದರು. ಕೌಂಟರನ್ನು ಕಳಚಿ ನಹ್ಲಾಳ ಮುಷ್ಟಿಯೊಳಗಿಟ್ಟು, ತಿರುಗಿ ನೋಡದೆ ಒಳಗೆ ಹೋದರು. ಅದರಲ್ಲಿ ಒಂದು ಎಂದಿತ್ತು. ಆ ಇಡೀ ದಿನ ಆ ಮನೆಯವರು ಹೇಳಿದ ಯಲ್ಲಾ ಅದೊಂದೇ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲೂ ಯಾರಾದರೂ ಎಣಿಸಿ. ಯಲ್ಲಾ ಇರಲಿ, ಬೇಗ ಬೇಗ ಇರಲಿ, ನಿಮ್ಮ ಮನೆಯ ಪದ ಯಾವುದೋ ಅದನ್ನು. ಯಾಕೆ ಹೇಳಿದಿರಿ ಎಂದು ಬರೆದಿಡಿ, ಸಂಜೆ ಮನೆಯವರೆಲ್ಲ ಸೇರಿ ಅದರಲ್ಲಿ ಒಂದೇ ಒಂದು ವಸ್ತುವಿನ ಜಾಗ ಸರಿ ಮಾಡಿ. ಒಂದು ದಿನಕ್ಕೆ ಒಂದು ಸಾಕು. ಆದರೆ ಎರಡು ಕೆಲಸಗಳನ್ನು ನಾಳೆಗೆ ಇಡಬೇಡಿ. ಬ್ಲೀಚು, ಔಷಧಿ ಈಗಲೇ ಮೇಲಿನ ಕಪಾಟಿಗೆ ಹೋಗಲಿ, ಯಾವತ್ತೂ ನೀರಿನ ಬಾಟಲಿಗೆ ಹೋಗದಿರಲಿ. ಊರಿನಿಂದ ಯಾರು ಬಂದರೂ ಅವರು ಚಹಾ ಕುಡಿಯುವ ಮೊದಲು ಬಾತ್‌ರೂಮಿಗೆ ಕರೆದುಕೊಂಡು ಹೋಗಿ, ಯಾವ ನಳ್ಳಿಯಲ್ಲಿ ಯಾವ ನೀರು ಬರುತ್ತದೆ ಎಂದು ಕೈಮುಟ್ಟಿಸಿ ತೋರಿಸಿ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು, ಆಮೇಲೆ ಡಾಕ್ಟರು. ತುಂಬಾ ಸುಟ್ಟಿದ್ದರೆ, ಇಲ್ಲಿ ದೋಹಾದಲ್ಲಾದರೆ, ತಡ ಮಾಡದೆ 999ಕ್ಕೆ ಫೋನ್ ಮಾಡಿ.

ಹೀಗೆ ಉಳಿಸಿದ ಏಳು ನಿಮಿಷವನ್ನು ಇನ್ನೊಂದು ಕೆಲಸಕ್ಕೆ ಕೊಡಬೇಡಿ. ನೆಲದ ಮೇಲೆ ಕೂತುಕೊಳ್ಳಿ. ನಿಮ್ಮ ಓಲೆ ಎಷ್ಟು ಎಂದು ನಿಮ್ಮ ಮಗು ಎಣಿಸಲಿ.